ಖಾಲಿ ಉಳಿದ ಮೂರನೇ ಅಂಕ

ಶುಕ್ರವಾರ ಬೆಳಿಗ್ಗೆ ಟೀಚರ್ಸ್ ರೂಮಿನಲ್ಲಿ ಕಾಫಿ ಇನ್ನೂ ಆಗಿರಲಿಲ್ಲ. ಇಂಗ್ಲಿಷ್ ಪಾಠ ಮಾಡುವ ಪ್ರುವಿಟ್ ಮೇಡಂ ಬಂದವರೇ ಎರಡು ಕಟ್ಟು ಹಾಳೆಗಳನ್ನು ನನ್ನ ಮುಂದೆ ಕುಕ್ಕಿದರು.

"ಕಳ್ಳತನ ಕಣಯ್ಯಾ ವೆಂಡೆಲ್. ಎರಡೂ ಓದು."

ಹನ್ನೆರಡನೇ ಕ್ಲಾಸಿನವರು ಒಂದು ತಿಂಗಳಿಂದ ನಾಟಕವೊಂದನ್ನು ಓದುತ್ತಿದ್ದರು. ದಿನವೂ ಕೆಲವರು ಎದ್ದು ನಿಂತು ಪಾತ್ರಗಳ ಮಾತು ಓದಬೇಕು. ಉಳಿದವರು ಕೂತು ನೋಟ್ಸ್ ಬರೆದುಕೊಳ್ಳಬೇಕು. ಕೊನೆಗೆ ನೋಟ್ಸಿಗೂ ಮಾರ್ಕ್ಸು, ಅದೂ ದಂಡಿಯಾಗಿ.

ಓದಿದೆ. ಎರಡೂ ಪದಕ್ಕೆ ಪದ ಒಂದೇ. ಒಂದು ಕೊರಿನ್ ವಾಸ್ಕೋ ಬರೆದದ್ದು. ದುಂಡು ಅಕ್ಷರ, ಒಂದೇ ನೀಲಿ ಶಾಯಿ. ಇನ್ನೊಂದು ಲೋನಿ ಟ್ಯಾಕೆಟ್‌ನದು. ಮುದುಡಿದ ಹಾಳೆ, ಒಂದು ಪುಟ ಪೆನ್ಸಿಲ್ಲು, ಮತ್ತೊಂದು ಹಸಿರು ಪೆನ್ನು. ಅಂಚಿನಲ್ಲಿ ಗೀಚಿದ ಮಾತು ಕೂಡ ಎರಡರಲ್ಲೂ ಅದೇ: 'ಈ ಮುದುಕನಿಗಿರುವುದು ಸೊಕ್ಕಲ್ಲ, ಹೆದರಿಕೆ.'

"ಇಂಥ ಮಾತು ಲೋನಿ ಬರೀತಾನಾ?" ಎಂದೆ. "ನನ್ನ ಇತಿಹಾಸದ ಪೇಪರಲ್ಲಿ ಇಡೀ ಅಂತರ್ಯುದ್ಧಾನ ಎರಡು ಸಾಲಲ್ಲಿ ಮುಗಿಸಿದ್ದ."

"ನಕಲಿಗೆ ಸೊನ್ನೆ. ಸೊನ್ನೆ ಬಿದ್ರೆ ಅವನು ಇಂಗ್ಲಿಷಲ್ಲಿ ಫೇಲು, ಹೈಸ್ಕೂಲೂ ಮುಗಿಯಲ್ಲ. ಅವರ ಮನೇಲಿ ಇಷ್ಟು ದೂರ ಬಂದವನು ಇವನೇ ಮೊದಲು. ಅವರಜ್ಜಿ ಜೂನಿನಲ್ಲಿ ಸರ್ಟಿಫಿಕೇಟ್ ಕೊಡೋ ಸಮಾರಂಭಕ್ಕೆ ಆಗಲೇ ಚರ್ಚಿನವರನ್ನೆಲ್ಲ ಕರೆದು ಕೂತಿದ್ದಾಳೆ."

ಮೇಡಂಗೆ ಆ ಹುಡುಗನೆಂದರೆ ಪ್ರೀತಿ. ಇದು ಶಾಲೆಗೆಲ್ಲ ಗೊತ್ತು, ಅವರು ಮಾತ್ರ ಒಪ್ಪುವುದಿಲ್ಲ.

* * *

ಮೊದಲು ಲೋನಿ ಬಂದ. ಬಾಗಿಲಿಗಿಂತ ಎತ್ತರದ ಹುಡುಗ, ಟೋಪಿ ಕೈಯಲ್ಲಿ ಹಿಡಿದು ನಿಂತ.

"ಯಾರದನ್ನ ಯಾರು ನೋಡಿ ಬರೆದಿದ್ದು?"

"ನಾನೇ ಮಿಸ್. ಕೊರಿನ್‌ದು ನೋಡಿ ಬರೆದೆ."

"ಯಾವಾಗ?"

"ಮೊನ್ನೆ. ಬಸ್ಸಲ್ಲಿ. ಒಂದೇ ಸಲ ಕೂತು."

"ಮುಗೀತಲ್ಲ ಮೇಡಂ," ಎಂದು ಪಿಸುಗುಟ್ಟಿದೆ.

"ನೀನು ಬಾಯಿ ಮುಚ್ಕೊಂಡು ಕಾಫಿ ಕುಡಿ."

ಲೋನಿ ಹೊರಟ ಮೇಲೆ ಮೇಡಂ ಕಿಟಕಿಯತ್ತ ನೋಡುತ್ತ ಕೂತರು. "ಕೊರಿನ್ ಮೇಲೂ ಅನುಮಾನ ಪಡೋಕಾಗಲ್ಲ. ಒಂದು ತಿಂಗಳು ತಲೆ ಎತ್ತದೆ ಬರೀತಾನೇ ಇದ್ಲು. ನಾನೇ ಕಣ್ಣಾರೆ ನೋಡಿದೀನಿ." ಮತ್ತೆ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು. ಒಂದು ಕಡೆ ಬೆರಳು ನಿಂತಿತು. ಮುಖದಲ್ಲಿ ನಗು ಮೂಡಿತು.

* * *

ಮಧ್ಯಾಹ್ನ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ನಾನು ಇನ್ನೊಂದು ಕಾಫಿ ಹಿಡಿದು ಪಕ್ಕದಲ್ಲಿದ್ದೆ.

"ಕೊರಿನ್, ಮೂರನೇ ಅಂಕದಲ್ಲಿ ಅಪ್ಪ ಮಗಳಿಗೆ ಬಾಗಿಲು ತೆಗೆಯಲ್ಲ. ಪರೀಕ್ಷೆಗೆ ಬಂದೇ ಬರುತ್ತೆ ಅಂತ ಬಡ್ಕೊಂಡಿದ್ದೆ. ನಿನ್ನ ನೋಟ್ಸಲ್ಲಿ ಆ ದೃಶ್ಯ ಯಾಕಿಲ್ಲ?"

ಕೊರಿನ್ ಗಡಿಬಿಡಿಯಿಂದ ಹಾಳೆ ತಿರುವಿದಳು. "ಇ... ಇಲ್ವಾ?"

"ಇಲ್ಲ. ಇವನದರಲ್ಲೂ ಇಲ್ಲ. ಅವತ್ತು ನಿನಗೆ ಪಾತ್ರ ಇರಲಿಲ್ಲ, ಕೂತೇ ಇದ್ದೆ. ಅಪ್ಪನ ಪಾತ್ರ ಓದಿದ್ದು ಯಾರು?"

ಕೊರಿನ್ ಮತ್ತೆ ಹಾಳೆಗಳಲ್ಲಿ ಹುಡುಕಿದಳು. ಲೋನಿ ನೆಲ ನೋಡಿದ.

"ಓದಿದ್ದು ಲೋನಿ. ಎದ್ದು ನಿಂತು ಓದೋನು ನೋಟ್ಸ್ ಹೇಗೆ ಬರೀತಾನೆ? ಆ ದೃಶ್ಯ ಬಿಟ್ಟುಹೋಗೋದು ಇವನಿಗೆ ಮಾತ್ರ. ನೋಡಿ ಬರೆದವಳಿಗೆ ಅದು ಬಿಟ್ಟುಹೋಗಿದೆ ಅನ್ನೋದೇ ಗೊತ್ತಿಲ್ಲ, ಯಾಕಂದ್ರೆ ಅವಳು ಕೇಳಿಸ್ಕೊಂಡೇ ಇಲ್ಲ. ಇನ್ನು ನೀನಪ್ಪ, ಬಸ್ಸಲ್ಲಿ ಒಂದೇ ಸಲ ಕೂತು ಬರೆದೋನು ಪುಟಕ್ಕೊಂದು ಪೆನ್ನು ಬದಲಾಯಿಸ್ತಾನಾ? ದಿನಾ ಪಕ್ಕದವರ ಹತ್ರ ಪೆನ್ನು ಬೇಡ್ತೀಯಲ್ಲ, ಅದು ನಿನ್ನನ್ನ ಉಳಿಸ್ತು."

ಕೊರಿನ್ ಮುಖ ಕೆಂಪಾಯಿತು. "ನಾನು ಕಾಲೇಜುಗಳಿಗೆ ಕಳಿಸೋ ಅರ್ಜಿಗೆ ಪ್ರಬಂಧ ಬರೀತಿದ್ದೆ ಮಿಸ್. ತಿಂಗಳಿಡೀ. ಕೊನೇಲಿ ಇವನ ನೋಟ್ಸ್ ಈಸ್ಕೊಂಡೆ."

"ನಾನು ನಿನ್ನ ಬಗ್ಗಿದ ತಲೆ ನೋಡಿ ಹಿಗ್ಗಿದ್ದೇ ಹಿಗ್ಗಿದ್ದು. ನೋಟ್ಸಿಗೆ ನಿನಗೆ ಸೊನ್ನೆ ಕಣೇ."

"ಬೇಡ ಮಿಸ್," ಲೋನಿ ಎದ್ದೇಬಿಟ್ಟ. "ಅವಳು ಕಾಲೇಜಿಗೆ ಹೋಗೋಳು. ನನಗೆ ಕೊಡಿ."

"ಕೂತ್ಕೋ, ಮಹಾದಾನಿ. ಅವಳಿಗೆ ಒಂದು ಗ್ರೇಡು ಇಳಿಯುತ್ತೆ, ಅಷ್ಟೇ. ಕಾಲೇಜು ಎಲ್ಲಿಗೂ ಓಡಿಹೋಗಲ್ಲ. ನೀನು ಫೇಲಾಗಿ ಜೂನಲ್ಲಿ ಮನೇಲಿ ಕೂರ್ತಿದ್ದೆ."

ಕೊರಿನ್ ಗಕ್ಕನೆ ಅವನತ್ತ ತಿರುಗಿದಳು. "ಫೇಲಾಗ್ತಿದ್ಯಾ? ನನಗ್ಯಾಕೋ ಹೇಳ್ಲಿಲ್ಲ?"

"ನೀನು ಕೇಳಿದ್ದು ನೋಟ್ಸ್ ಮಾತ್ರ."

ಅವನ ದನಿಯಲ್ಲಿ ಒಂಚೂರೂ ಕೊಂಕಿರಲಿಲ್ಲ. ಅದಕ್ಕೇ ಇರಬೇಕು, ಅವಳು ಅತ್ತಳು.

ಮೇಡಂ ಕೆಮ್ಮಿದರು. "ಪಾತ್ರ ಓದಿದ ದಿನದ ನೋಟ್ಸನ್ನ ಯಾರಾದ್ರೂ ಗೆಳೆಯರು ಬರೆದುಕೊಡಬಹುದು, ಅದು ನನ್ನ ಕ್ಲಾಸಿನ ಪದ್ಧತಿ. ಇವನಿಗೆ ಯಾರೂ ಕೊಟ್ಟಿಲ್ಲ. ಆ ಜಾಗ ತುಂಬಿದ್ರೆ ಇವನಿಗೆ ಪೂರ್ತಿ ಮಾರ್ಕ್ಸು."

ಕೊರಿನ್ ಕಣ್ಣೊರೆಸಿಕೊಂಡು ಬಿಳಿ ಹಾಳೆಯೊಂದನ್ನು ಎಳೆದುಕೊಂಡಳು. "ಓದೋ. ನಾನು ಬರೀತೀನಿ."

ಲೋನಿ ಎದ್ದು ನಿಂತು ಪುಸ್ತಕ ತೆರೆದ. ಮೊದಲ ಸಾಲಿಗೇ ಅವನ ಬೆನ್ನು ಬಾಗಿತು, ದನಿ ನಡುಗಿತು. ಬಾಗಿಲ ಈಚೆ ನಿಂತ ಆ ಅಪ್ಪ, ತೆಗೆಯಲು ಹೆದರುವ ಅಪ್ಪ, ನನಗೆ ಕಣ್ಣೆದುರೇ ಕಂಡ. ನಾನು ಕಾಫಿ ಮರೆತೆ.

ಕೊರಿನ್ ಪೆನ್ನು ಎತ್ತಿದವಳು ಹಾಗೇ ಅವನನ್ನೇ ನೋಡುತ್ತ ಉಳಿದಳು. ಪುಟ ಮುಗಿದರೂ ಹಾಳೆಯ ಮೇಲೆ ಒಂದಕ್ಷರ ಬಿದ್ದಿರಲಿಲ್ಲ.

"ಇನ್ನೊಂದ್ಸಲ ಓದ್ತೀಯಾ?" ಎಂದಳು. "ಈ ಸಲ ನಿಜವಾಗ್ಲೂ ಬರೀತೀನಿ."