ಜೋಳದ ಚೀಲದಲ್ಲಿಟ್ಟ ಡಿಸ್ಕ್

ಗೋಕಾಕದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಇಂಥದ್ದನ್ನೆಲ್ಲ ನಂಬುವವನು ನಾನಲ್ಲ, ಆದದ್ದನ್ನಷ್ಟೇ ಹೇಳುತ್ತೇನೆ.

ಒಂದು ಮಧ್ಯಾಹ್ನ ಘೋಡಗೇರಿಯ ಕಾಶೆವ್ವ ಸೆರಗಿನಲ್ಲಿ ಸುತ್ತಿಕೊಂಡು ಒಂದು ಹಾರ್ಡ್ ಡಿಸ್ಕ್ ತಂದರು. ತೀರಿಕೊಂಡ ಗಂಡ ಮದುವೆಗಳ ವಿಡಿಯೊ ತೆಗೆಯುತ್ತಿದ್ದವರು. ಹೊಳೆಯ ನೀರು ಮನೆಗೆ ನುಗ್ಗಿದಾಗ ಡಿಸ್ಕ್ ಮುಳುಗಿತ್ತು. ತೊಯ್ದ ಮೊಬೈಲನ್ನು ಅಕ್ಕಿಯಲ್ಲಿಡುತ್ತಾರಲ್ಲ, ಹಾಗೆ ಇವರು ಅದನ್ನು ವರ್ಷವಿಡೀ ಜೋಳದ ಚೀಲದಲ್ಲಿಟ್ಟಿದ್ದರು.

“ಎಲ್ಲಾರ ಫೋಟೊ ಅವರ ತಗೀತಿದ್ರು, ಅವರದ ಒಂದೂ ಇಲ್ರಿ. ಮಗಳನ್ನ ತೊಟ್ಟಲಕ್ಕ ಹಾಕಿದ್ದ ವಿಡಿಯೊದಾಗ ಅವರ ದನಿ ಐತಿ. ಅಷ್ಟ ಸಾಕು.”

ನಂಬಿಕೆಯಿಲ್ಲದೆಯೇ ಕಂಪ್ಯೂಟರಿಗೆ ಜೋಡಿಸಿದೆ. ಡಿಸ್ಕ್ ಗುಂಯ್ ಎಂದು ತಿರುಗಿತು, ವಿಡಿಯೊ ಕಾಪಿ ಆಗತೊಡಗಿತು. ಅರ್ಧಕ್ಕೆ ಕರೆಂಟು ಹೋಯಿತು. ಕಂಪ್ಯೂಟರ್ ಆರಿತು, ಫ್ಯಾನ್ ನಿಂತಿತು. ಆ ಗುಂಯ್ ಎನ್ನುವ ಸದ್ದು ಮಾತ್ರ ನಿಲ್ಲಲಿಲ್ಲ. ಡಿಸ್ಕ್ ಮುಟ್ಟಿ ನೋಡಿದೆ. ಯಾರದೋ ಕೈ ಹಿಡಿದಷ್ಟು ಬೆಚ್ಚಗಿತ್ತು.

ಕಾಶೆವ್ವ ಹೆದರಲಿಲ್ಲ. ಅದರ ಮೇಲೆ ಅಂಗೈಯಿಟ್ಟು, “ಕೆಲಸಾ ಅರ್ಧಾ ಬಿಟ್ಟು ಏಳಾವ್ರಲ್ರಿ ಅವರು,” ಎಂದರು.

ಕರೆಂಟು ಬಂದಾಗ ಕಂಪ್ಯೂಟರಿನಲ್ಲಿ ವಿಡಿಯೊ ಪೂರ್ತಿ ಇತ್ತು. ತೊಟ್ಟಿಲ ಪಕ್ಕ ನಾಚಿ ನಿಂತ ಹೆಂಡತಿಗೆ ಗಂಡಸಿನ ದನಿಯೊಂದು, “ಕಾಶಿ, ಇತ್ಲಾಗ ನೋಡು,” ಎನ್ನುತ್ತಿತ್ತು.

ನಾನು ವಿಡಿಯೊ ಹಾಕಿಕೊಟ್ಟ ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಂಡು ಕಾಶೆವ್ವ ಎದ್ದರು. “ಡಿಸ್ಕ್ ನಿಮ್ಮ ಕಡೆನ ಇರ್ಲಿ. ಅವರೂ ದಣದಾರ.”

ಅವರು ಹೋದ ಮೇಲೆ ಸ್ಕ್ರೂ ಬಿಚ್ಚಿದೆ. ಒಳಗೆ ಹೊಳೆಯ ಕೆಸರು ಒಣಗಿ ಕಲ್ಲಾಗಿತ್ತು. ತಿರುಗಬೇಕಾದ ತಟ್ಟೆ ಅದಕ್ಕೆ ಅಂಟಿಕೊಂಡಿತ್ತು. ಹೆಬ್ಬೆರಳಿನಿಂದ ಎಷ್ಟು ಒತ್ತಿದರೂ ಕೂದಲೆಳೆಯಷ್ಟೂ ಕದಲಲಿಲ್ಲ.