ತೊಂಬತ್ತಾರು ನಿಮಿಷದ ಅಜ್ಜಿ

ಅವನು ನನ್ನ ಕೋಣೆಗೆ ಬಂದದ್ದೇ ನನ್ನ ತಪ್ಪು ಹುಡುಕಲಿಕ್ಕೆ. ಕಿವಿಗೆ ಹಿಯರಿಂಗ್ ಏಡ್ ಕೂರಿಸುವ ಕೆಲಸ ನನ್ನದು; ಒಬ್ಬೊಬ್ಬರಿಗೂ ನಾನು ಎಷ್ಟು ಹೊತ್ತು ತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಳ್ಳುವ ಕೆಲಸ ಅವನದು. ಇಪ್ಪತ್ತು ನಿಮಿಷ ದಾಟಿದರೆ ಈ ಕೋಣೆ ಮುಚ್ಚಿ ನನ್ನನ್ನು ಮಾರಾಟದ ಕೌಂಟರಿಗೆ ಹಾಕುತ್ತೇನೆಂದು ಮ್ಯಾನೇಜರಮ್ಮ ಮೊದಲೇ ಹೇಳಿದ್ದರು.

ರಿಸೆಪ್ಷನ್ನಿನ ಅಕ್ಕ ಮೊದಲ ದಿನವೇ ಅವನಿಗೆ ಸರಾಸರಿ ಸಾಹೇಬ ಎಂದು ಹೆಸರಿಟ್ಟಳು. ಮೂರು ವಾರ ಮೂಲೆಯ ಕುರ್ಚಿಯಲ್ಲಿ ಕೂತ. ಗಡಿಯಾರ ನೋಡಬೇಕಾದವನು ನನ್ನ ಕೈ ನೋಡುತ್ತಿದ್ದ, ನಾನು ತಿರುಗಿದರೆ ಗೋಡೆ ನೋಡುತ್ತಿದ್ದ. ಗೋಡೆಯ ಮೇಲೆ ಏನೂ ಇರಲಿಲ್ಲ, ಪಾಪ. ನೋಡಲಿ ಬಿಡು ಎಂದುಕೊಂಡೆ. ನನಗೂ ಅದು ಹಿತವಾಗಿಯೇ ಇತ್ತು.

ವರದಿಗೆಂದು ಗೊತ್ತುಮಾಡಿದ ದಿನ ಬಂದವರು ಒಂಬತ್ತು ಜನ. ಎಂಟು ಮಂದಿಯದು ಹನ್ನೊಂದರಿಂದ ಇಪ್ಪತ್ತು ನಿಮಿಷದೊಳಗೆ ಮುಗಿಯಿತು. ಒಂಬತ್ತನೆಯವರು ಒಬ್ಬ ಅಜ್ಜಿ. ಮಷಿನ್ ಕಿವಿಗೆ ಹೋದೊಡನೆ ಹೆದರಿ ಕಿತ್ತು ಹಾಕಿದರು. ಸದ್ದನ್ನು ತೀರಾ ಸಣ್ಣದು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸುತ್ತ ಕೂತೆ. ಕಡೆಗೆ ಮಗಳಿಗೆ ಫೋನ್ ಮಾಡಿಸಿದೆ; ಎರಡು ವರ್ಷದಲ್ಲಿ ಮೊದಲ ಸಲ ಆಕೆಯ ದನಿ ಕೇಳಿ ಅಜ್ಜಿ ಅತ್ತೇಬಿಟ್ಟರು. ಅಷ್ಟರಲ್ಲಿ ತೊಂಬತ್ತಾರು ನಿಮಿಷ ಕಳೆದಿತ್ತು.

ಸಂಜೆ ಅವನು ಹಾಳೆ ಮುಂದಿಟ್ಟ. ಸರಾಸರಿ ತೆಗೆದರೆ ಸುಮಾರು ಇಪ್ಪತ್ತಮೂರು ನಿಮಿಷ, ನನ್ನ ಕಥೆ ಮುಗಿಯಿತು. ಆದರೆ ಒಂಬತ್ತೂ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನದು ಹದಿನಾಲ್ಕು. ಅದಕ್ಕೆ ಮೀಡಿಯನ್ ಅನ್ನುತ್ತಾರಂತೆ. ವರದಿಯ ಫಾರಂನಲ್ಲಿ 'ಒಬ್ಬರಿಗೆ ಎಷ್ಟು ನಿಮಿಷ' ಎಂಬ ಒಂದೇ ಖಾನೆ. ಅಲ್ಲಿ ಹದಿನಾಲ್ಕು ಬರೆದರೆ ನಾನು ಬಚಾವ್. ಇದನ್ನು ನನಗಾಗಿಯೇ ಹುಡುಕಿದ್ದಾನೆ ಎಂಬುದು ಅವನ ಕೆಂಪಾದ ಕಿವಿ ನೋಡಿದರೇ ಗೊತ್ತಾಗುತ್ತಿತ್ತು.

ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ. ಆದರೂ ಕೇಳಿದೆ, "ಅಜ್ಜೀನ ನಾನು ಇಪ್ಪತ್ತೇ ನಿಮಿಷಕ್ಕೆ ಸಾಗಹಾಕಿದ್ದಿದ್ರೆ?"

"ಆಗ್ಲೂ ಹದಿನಾಲ್ಕೇ."

"ಹಾಗಾದ್ರೆ ನಾಳೆಯಿಂದ ಎಲ್ಲರಿಗೂ ಹದಿನಾಲ್ಕೇ ನಿಮಿಷ ಅಂತ ಟೈಮ್ ಕಟ್ತಾರೆ. ನನ್ನ ಕೆಲಸ ಉಳಿಯುತ್ತೆ, ಆ ಅಜ್ಜಿಯಂಥವ್ರಿಗೆ ಜಾಗ ಇರಲ್ಲ. ಅಂಥ ಕೋಣೆ ನನಗೆ ಬೇಡ."

ಅವನು ಪೆನ್ನು ಕೆಳಗಿಟ್ಟ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಹೊರಗೆ ಕಾಯುವವರು ತಮಗೆ ಎಷ್ಟು ಹೊತ್ತಾದೀತು ಎಂದು ಕೇಳಿದರೆ ಹದಿನಾಲ್ಕೇ ಸರಿಯಾದ ಉತ್ತರ. ನನಗೆ ದಿನಕ್ಕೆ ಒಟ್ಟು ಎಷ್ಟು ಸಮಯ ಬೇಕು ಎಂದು ಕೇಳಿದರೆ ಮಾತ್ರ ಇಪ್ಪತ್ತಮೂರನ್ನೇ ಒಂಬತ್ತರಿಂದ ಗುಣಿಸಬೇಕು. ಅಜ್ಜಿ ಅದರೊಳಗೆ ಇರುತ್ತಾರೆ. ಪ್ರಶ್ನೆ ಎರಡಿವೆ, ಖಾನೆ ಒಂದೇ ಕೊಟ್ಟಿದ್ದಾರೆ ಎಂದು ಗೊಣಗಿದ.

"ಎರಡನ್ನೂ ಬರೀರಿ," ಎಂದೆ. "ಬರೆದು ಕೊಟ್ಟು ಬಂದ್ಬಿಡ್ಬೇಡಿ. ಎದುರಿಗೆ ನಿಂತು ಹೇಳಿ."

ನಾಲ್ಕು ಜನರ ಮುಂದೆ ಬಾಯಿ ಬಿಡದ ಮನುಷ್ಯ ಮರುದಿನ ಬೆಳಿಗ್ಗೆ ಮ್ಯಾನೇಜರಮ್ಮನ ಎದುರು ಮುಕ್ಕಾಲು ಗಂಟೆ ಮಾತಾಡಿದ. ಅಕ್ಕನೂ ನಾನೂ ಕೆಲಸ ಬಿಟ್ಟು ಗಾಜಿನಾಚೆಯಿಂದ ನೋಡುತ್ತ ನಿಂತೆವು. ಹೊರಗೆ ಬಂದವನು ಕೋಣೆ ಉಳಿಯಿತು ಎಂದ. ಎಲ್ಲರಿಗೂ ಕಾಲು ಗಂಟೆ, ಜೊತೆಗೆ ದಿನಕ್ಕೊಬ್ಬರಿಗೆ ಬೇಕಾದಷ್ಟು ಹೊತ್ತು. ಆರು ತಿಂಗಳು ನೋಡೋಣ ಎಂದಿದ್ದಾರಂತೆ. ಅವನು ಮಾತ್ರ ಸೋಮವಾರದಿಂದ ಬೇರೆ ಶಾಖೆಗೆ ಹೋಗಬೇಕಂತೆ. ಅದನ್ನು ಹೇಳುವಾಗ ದನಿ ಇಳಿದುಹೋಯಿತು.

ಅಕ್ಕ ಏನೋ ನೆಪ ಹೇಳಿ ಒಳಗೆ ಹೋದಳು. ಇವನೇ ಬಾಯಿಬಿಡಲಿ ಎಂದು ಕಾದರೆ ನನಗೇ ಹಿಯರಿಂಗ್ ಏಡ್ ಬೇಕಾಗುವ ವಯಸ್ಸಾಗುತ್ತದೆ ಅನ್ನಿಸಿತು. ಹತ್ತಿರ ಹೋಗಿ, ಆದಷ್ಟೂ ಮೆಲ್ಲಗೆ ಹೇಳಿದೆ, "ನೀವಂದ್ರೆ ನನಗೆ ತುಂಬ ಇಷ್ಟ. ಮದುವೆ ಆಗೋಣ್ವಾ?"

ಅವನು ಕದಲಲಿಲ್ಲ. "ಇನ್ನೊಂದ್ಸಲ ಹೇಳಿ."

"ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದ. "ಅದಕ್ಕೇ ಇನ್ನೊಂದ್ಸಲ."