ಆಮೆ ಮಡುವಿನ ಕಾವಲು

ಭೋಜ ಊರಿನ ಹಳ್ಳದಲ್ಲಿ ಎದೆಮಟ್ಟದ ನೀರಿಗಿಳಿದು ತನ್ನದೇ ಮೋಟಾರಿನ ಪೈಪನ್ನು ತಾನೇ ಎಳೆದು ದಂಡೆಗೆ ಹಾಕಿದ ದಿನ, ಭಾವುಸಾಹೇಬ ಗಂಗಾರಾಮನನ್ನು ಕೊಲ್ಲುವುದೆಂದು ನಿರ್ಧರಿಸಿದ. ಅರ್ಧ ಊರು ನಿಂತು ನೋಡುತ್ತಿತ್ತು. ಗಂಗಾರಾಮ ಅವನ ಚಿಕ್ಕಪ್ಪನ ಮಗ, ಹಳ್ಳ ಉಳಿಸುವ ಸಮಿತಿಯ ಕಾವಲುಗಾರ. ಯುಗಾದಿಯಿಂದ ಮೊದಲ ಮಳೆಯವರೆಗೆ ಹಳ್ಳದ ಆಮೆ ಮಡುವಿನಿಂದ ಯಾರೂ ಮೋಟಾರು ಹಚ್ಚಿ ನೀರು ಎತ್ತಬಾರದು, ಬೇಸಿಗೆಯಲ್ಲಿ ಅಲ್ಲಿ ಉಳಿಯುವ ನೀರು ಆಮೆಗೆ, ಮೀನಿಗೆ, ದನಕ್ಕೆ ಎಂಬುದು ಸಮಿತಿಯ ಠರಾವು. ಭಾವುಸಾಹೇಬ ಕದ್ದು ಹಚ್ಚಿದ್ದ. ಗಂಗಾರಾಮ ಬಂದವನೇ ಓಡುತ್ತಿದ್ದ ಮೋಟಾರಿನ ಒಂದು ಫ್ಯೂಜು ಕಿತ್ತ. ಮೂರು ಫೇಸಿನಲ್ಲಿ ಒಂದು ತಪ್ಪಿ ಮೋಟಾರು ಸುಟ್ಟುಹೋಯಿತು.

"ದಾದಾ, ಸಿಟ್ಟಾಗಬ್ಯಾಡ," ಎಂದು ಗಂಗಾರಾಮ ದಂಡೆಯ ಮೇಲಿಂದ ಕೂಗಿದ್ದ. "ಏನ ಮಾಡೂದು, ಆಮಿಗೋಳಿಗೆ ಬೋರ್ ಹೊಡಸಾಕ ಬರೂದಿಲ್ಲ!"

ಹೆಂಗಸರೂ ನಕ್ಕರು. ಆ ನಗೆ ಅವನ ಕಿವಿಯಲ್ಲಿ ಉಳಿದುಬಿಟ್ಟಿತು. ಎರಡೇ ವಾರದಲ್ಲಿ ಅವನ ನರ್ಸರಿಯ ಅರವತ್ತು ಸಾವಿರ ಕಬ್ಬಿನ ಸಸಿ ನೀರಿಲ್ಲದೆ ಟ್ರೇಗಳಲ್ಲೇ ಒಣಗಿ ಹುಲ್ಲಾದವು.

ಅವನು ಅವಸರ ಮಾಡಲಿಲ್ಲ. ಸಿಟ್ಟಿನಲ್ಲಿ ಕೊಂದವರೇ ಸಿಕ್ಕಿಬೀಳುವುದು ಎಂದು ಅವನಿಗೆ ಗೊತ್ತಿತ್ತು. ಸುಟ್ಟ ಮೋಟಾರನ್ನು ನೋಡುತ್ತ ಕೂತಾಗ ಇಡೀ ಯೋಜನೆ ತಾನಾಗಿ ಬಿಚ್ಚಿಕೊಂಡಿತು. ಮೋಟಾರು ಕಾಣೆಯಾಗಬೇಕು, ಗಂಗಾರಾಮನೂ ಕಾಣೆಯಾಗಬೇಕು. ಎರಡಕ್ಕೂ ಸೇರಿ ಒಂದೇ ಸುಳ್ಳು ಸಾಕು: ಕಾವಲುಗಾರನೇ ಮೋಟಾರು ಕದ್ದು ಗಡಿ ದಾಟಿದ. ಊರಲ್ಲಿ ಎಲ್ಲರ ಹಾಗೆ ಅವನೂ ಕಳ್ಳರ ಭಯಕ್ಕೆ ಮೋಟಾರಿನ ಮೈಮೇಲೆ ಹೆಸರು ಕೊರೆಸಿದ್ದ. ಕೊರೆಸಿದ್ದರೇನು? ಹನ್ನೆರಡು ಅಡಿ ನೀರಿನ ತಳದಲ್ಲಿ ಓದುವವರು ಯಾರು? ಮೇ ಕಳೆದರೆ ಮಳೆ. ಹಳ್ಳ ತುಂಬಿ ಬಂದರೆ ಮಡುವಿನ ತಳ ಕೆದರಿ, ಉಳಿದದ್ದನ್ನು ದೂಧಗಂಗಾ ನದಿಗೆ ಒಯ್ಯುತ್ತದೆ. ಅಲ್ಲಿಯವರೆಗೆ ಮಡುವನ್ನು ಮುಟ್ಟುವವರಿಲ್ಲ. ಪೈಪು ನೀರಲ್ಲಿದ್ದರೂ ಊರ ಹೇಡಿಗಳು ಗಂಗಾರಾಮನ ಒಂದು ಮಾತಿಗೆ ಮೋಟಾರು ಬಂದ್ ಮಾಡಿ ಕೂತಿದ್ದಾರೆ. ಅವನ ಠರಾವೇ ಅವನ ಹೆಣ ಮುಚ್ಚುತ್ತದೆ. ಈ ವಿಚಾರ ಬಂದಾಗ ಭಾವುಸಾಹೇಬನಿಗೆ ಎಷ್ಟೋ ದಿನಗಳ ಮೇಲೆ ಹಸಿವಾಯಿತು.

ಮಂಗಳವಾರ ಸಂಜೆ ಮೋಟಾರನ್ನು ಮಡುವಿನ ಬಂಡೆಯ ತುದಿಗೆ ತಂದು ಕಬ್ಬಿನ ಒಣಗರಿಯ ರವದಿ ಮುಚ್ಚಿದ. ಬುಧವಾರ ಬೆಳಕು ಹರಿಯುವ ಹೊತ್ತಿಗೆ ಗಂಗಾರಾಮ ಎಂದಿನಂತೆ ನೀರಿನ ಮಟ್ಟ ನೋಡಲು ನಡೆದು ಬಂದ.

"ಏನ್ ದಾದಾ, ಇಷ್ಟ ಲಗೂ?"

"ಯಾರೋ ಬಲಿ ಹಾಕ್ಯಾರ ನೋಡ. ಆಮಿ ಸಿಕ್ಕೊಂಡೈತಿ."

"ಎಲ್ಲಿ? ಅಯ್ಯ, ಪಾಪ!"

ಗಂಗಾರಾಮ ಬಂಡೆಯ ಮೇಲೆ ಮೊಣಕಾಲೂರಿ ಬಗ್ಗಿದ. ಪೈಪು ಬಿಚ್ಚುವ ದೊಡ್ಡ ಪಾನಾ ಮೊದಲ ಏಟಿಗೆ ಜಾರಿ ಕಿವಿ ಹರಿಯಿತು. ಅವನು ತಿರುಗಿದ. "ದಾದಾ?" ಎಂದ. ಬೈಗುಳವಲ್ಲ, ಬರೀ ಪ್ರಶ್ನೆ. ಎರಡನೆಯ ಏಟು ಬಾಯಿಗೆ ಬಿತ್ತು, ಮೂರನೆಯದು ಹಣೆಗೆ. ಹಲ್ಲೊಂದು ಬಂಡೆಯ ಮೇಲೆ ಪುಟಿಯಿತು. ಆದರೂ ಅವನ ಕೈ ಭಾವುಸಾಹೇಬನ ಅಂಗಿ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಿಚಿ ಮುರಿಯಬೇಕಾಯಿತು. ತಲೆಯನ್ನು ನೀರಿಗೆ ಅದುಮಿ, ಕತ್ತಿನ ಮೇಲೆ ಮೊಣಕಾಲಿಟ್ಟು, ಗುಳ್ಳೆ ನಿಲ್ಲುವವರೆಗೂ ಕೂತ. ನೀರು ಕೆಂಪಾಗಿ, ಮತ್ತೆ ನಿಧಾನ ಹಸಿರಾಯಿತು.

ನೈಲಾನ್ ಹಗ್ಗದಿಂದ ಹೆಣದ ಸೊಂಟವನ್ನು ಮೋಟಾರಿಗೆ ಬಿಗಿದು ಹಾರೆಯಿಂದ ದೂಡಿದ. ಎರಡೂ ಒಟ್ಟಿಗೆ ಮುಳುಗಿದವು. ಬಂಡೆ ತೊಳೆದ, ಹಲ್ಲನ್ನು ಹುಡುಕಿ ಎಸೆದ. ನಿಪ್ಪಾಣಿಗೆ ಹೋಗಿ ಹೆದ್ದಾರಿಯ ಹೋಟೆಲಿನ ಮುಂದೆ ನಿಂತಿದ್ದ, ಕೊಲ್ಲಾಪುರಕ್ಕೆ ಹೊರಟ ಕೋಸಿನ ಲಾರಿಯೊಳಗೆ ಗಂಗಾರಾಮನ ಜೇಬಿನಿಂದ ತೆಗೆದಿಟ್ಟುಕೊಂಡಿದ್ದ ಮೊಬೈಲು ತೂರಿಸಿದ. ಇನ್ನು ಟವರುಗಳೇ ಸಾಕ್ಷಿ ಹೇಳುತ್ತವೆ. ಹತ್ತು ಗಂಟೆಗೆ ಠಾಣೆಯಲ್ಲಿ ದೂರು ಬರೆದುಕೊಟ್ಟ: ಏಳೂವರೆ ಎಚ್‌ಪಿ ಮೋಟಾರು ಕಳುವಾಗಿದೆ, ಮೈಮೇಲೆ ತನ್ನ ಹೆಸರು, ನಂಬರು ಇಂಥದ್ದು, ಅನುಮಾನ ತಮ್ಮನ ಮೇಲೆ. ಅಳುವ ದನಿಯಲ್ಲಿ ತಾನೇ ಹಟ ಹಿಡಿದ: "ಸಾಹೇಬ್ರ, ಇವತ್ತ ಬಂದು ಜಾಗಾ ನೋಡ್ರಿ."

ಹವಾಲ್ದಾರ ಸತ್ತೆಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಳ್ಳಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತು. ದಂಡೆಯ ತುಂಬ ಜನರಿದ್ದರು. ಮಡುವಿನಲ್ಲಿ ನೀರೇ ಇರಲಿಲ್ಲ. ದಂಡೆಯುದ್ದಕ್ಕೂ ಇಪ್ಪತ್ಮೂರು ಪೈಪುಗಳು ಗಾಳಿ ಎಳೆದು ಗೊರಗುಡುತ್ತಿದ್ದವು. ಕರಿ ಕೆಸರಿನಲ್ಲಿ ಮೀನುಗಳು ಬಡಿದುಕೊಳ್ಳುತ್ತಿದ್ದವು. ಅವುಗಳ ನಡುವೆ, ಭಾವುಸಾಹೇಬನ ಹೆಸರನ್ನು ಸೊಂಟಕ್ಕೆ ಕಟ್ಟಿಕೊಂಡು, ಗಂಗಾರಾಮ ಅಂಗಾತ ಮಲಗಿದ್ದ. ಸತ್ತೆಪ್ಪ ಜೇಬಿನಿಂದ ದೂರಿನ ಕಾಗದ ತೆಗೆದು ಬಿಡಿಸಿದ, ಆಮೇಲೆ ಭಾವುಸಾಹೇಬನ ರಟ್ಟೆ ಹಿಡಿದ. "ಮೋಟಾರ ಬಂದ್ ಅದಾವಂದ್ರು. ಯಾರ ಚಾಲೂ ಮಾಡಿದ್ರು?" ಎಂದು ಕೇಳಿದ. ಆಡು ಮೇಯಿಸಲು ಬಂದಿದ್ದ ಮದಿನಾಬಿ ಗಂಗಾರಾಮನತ್ತ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾರೂ ಮಾಡಿಲ್ರಿ ಸಾಹೇಬ್ರ. ಊರ ಮಂದಿ ಸಭಾದಾಗ ಹೂಂ ಅಂತಾರ, ಮನಿಗಿ ಹೋಗೂ ಮುಂದ ಸ್ಟಾಟರ್ ಆಟೋಕ್ಕ ಹಾಕಿ ಹೋಗ್ತಾರ, ಕರೆಂಟ್ ಬಂತಂದ್ರ ತಾವ ಚಾಲೂ ಆಗ್ತಾವ. ದಿನಾ ಮುಂಜಾನೆ ಕರೆಂಟ್ ಬರೂಕಿಂತ ಮದಲ ಒಂದೊಂದ ಸ್ಟಾಟರ್ ಡಬ್ಬಿ ತಗದು ಬಂದ್ ಮಾಡ್ಕೋಂತ ಹೋಗಾಂವ ಇಂವೊಬ್ಬನ ಇದ್ದನ್ರಿ."